ಆಕ್ಲೆಂಡಿನಲ್ಲಿ ಮನೆ ಹಿಡಿಯುವ ಮುನ್ನ: ಕೌನ್ಸಿಲ್ ಕಡತ ತರಿಸುವುದು, ಓದುವುದು

ಊರಿನಿಂದ ಹೊಸದಾಗಿ ಬಂದವರು ಮನೆಯ ಮಾತೆತ್ತಿದ ಕೂಡಲೇ ಕೇಳುವುದು ಖಾತೆ ಯಾರ ಹೆಸರಿನಲ್ಲಿದೆ, ಇಸಿ ಎಷ್ಟು ವರ್ಷದ್ದು ತೆಗೆಸಬೇಕು ಎಂದು. ನ್ಯೂಜಿಲೆಂಡಿನಲ್ಲಿ ಆ ಚಿಂತೆ ಬಹುಮಟ್ಟಿಗೆ ಇಲ್ಲ. ಒಡೆತನದ ದಾಖಲೆ ಇರುವುದು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಬಳಿಯಲ್ಲ, ಲ್ಯಾಂಡ್ ಇನ್ಫರ್ಮೇಷನ್ ನ್ಯೂಜಿಲೆಂಡ್ ಎಂಬ ಕೇಂದ್ರ ಸರ್ಕಾರದ ಇಲಾಖೆಯ ಬಳಿ. ಅಲ್ಲಿಂದ ಪಡೆಯುವ ಟೈಟಲ್‌ನಲ್ಲಿ ಮಾಲೀಕರ ಹೆಸರು, ಅಡಮಾನ, ದಾರಿ ಮತ್ತು ಕೊಳವೆಗಳ ಹಕ್ಕು ಎಲ್ಲವೂ ನಮೂದಾಗಿರುತ್ತವೆ, ಅದಕ್ಕೆ ಸರ್ಕಾರದ ಖಾತ್ರಿಯೂ ಇದೆ. ಹಳೆಯ ಕ್ರಯಪತ್ರಗಳ ಬೆನ್ನುಹತ್ತಿ ಹೋಗಬೇಕಾಗಿಲ್ಲ.

ಇಲ್ಲಿ ಜನ ಎಡವುವುದು ಕಟ್ಟಡದ ವಿಷಯದಲ್ಲಿ. ಮಾರುವವರು ಮಾಲೀಕರೇ ನಿಜ. ಆದರೆ ಅವರು ಹೆಮ್ಮೆಯಿಂದ ತೋರಿಸುವ ನಾಲ್ಕನೆಯ ಮಲಗುವ ಕೋಣೆ ಕೌನ್ಸಿಲ್ ಲೆಕ್ಕದಲ್ಲಿ ಇನ್ನೂ ಗ್ಯಾರೇಜ್ ಆಗಿರಬಹುದು. ಕೌನ್ಸಿಲ್ ಕಡತವನ್ನು ತರಿಸಬೇಕಾದದ್ದು ಇದಕ್ಕಾಗಿ.

ತರಿಸಬೇಕಾದವು ಎರಡು. ಮೊದಲನೆಯದು ಲ್ಯಾಂಡ್ ಇನ್ಫರ್ಮೇಷನ್ ಮೆಮೊರಾಂಡಮ್. ಎಲ್ಲರೂ ಕರೆಯುವುದು ‘ಲಿಮ್’ ಎಂದು. 1987ರ ಸ್ಥಳೀಯ ಸರ್ಕಾರಗಳ ಮಾಹಿತಿ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಇದಕ್ಕೆ ಅರ್ಜಿ ಹಾಕಬಹುದು, ಮಾಲೀಕರ ಒಪ್ಪಿಗೆ ಬೇಕಾಗಿಲ್ಲ. ಕೌನ್ಸಿಲ್ ಜಾಲತಾಣದಲ್ಲಿ ವಿಳಾಸ ಕೊಟ್ಟು ಶುಲ್ಕ ಕಟ್ಟಿದರೆ 10 ಕೆಲಸದ ದಿನಗಳೊಳಗೆ ಕೊಡಲೇಬೇಕು. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಆಸುಪಾಸಿನ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಮನೆ ನೋಡುವವರು ಇದನ್ನು ನೆನಪಿಡಬೇಕು. ಬಾಕಿ ಇರುವ ರೇಟ್ಸ್ (ಕೌನ್ಸಿಲ್‌ಗೆ ಕಟ್ಟುವ ಆಸ್ತಿ ತೆರಿಗೆ), ಕೊಟ್ಟಿರುವ ಕಟ್ಟಡ ಅನುಮತಿಗಳು, ಮಳೆನೀರು ಮತ್ತು ಒಳಚರಂಡಿ ಕೊಳವೆಗಳು, ಕೌನ್ಸಿಲ್‌ಗೆ ತಿಳಿದಿರುವ ನೆರೆ ಹಾಗೂ ಭೂಕುಸಿತದ ಅಪಾಯ ಇವೆಲ್ಲ ಲಿಮ್‌ನಲ್ಲಿ ಸಿಗುತ್ತವೆ.

ಏಜೆಂಟರು ಮಾರುವವರೇ ತರಿಸಿದ ಲಿಮ್ ಪ್ರತಿಯನ್ನು ಉಚಿತವಾಗಿ ಕಳುಹಿಸುವುದುಂಟು. ಓದಲು ಅದು ಸಾಕು, ನೆಚ್ಚಲು ಸಾಲದು. ತಾರೀಖು ಹಳೆಯದಿರಬಹುದು, ಪುಟ ಬಿಟ್ಟುಹೋಗಿರಬಹುದು. ಮಾರ್ಲ್‌ಬರೋ ಪ್ರಾಂತ್ಯದ ಒಂದು ಜಮೀನಿನ ಲಿಮ್‌ನಲ್ಲಿ ನೀರಿನ ಹಕ್ಕಿನ ವಿವರ ತಪ್ಪಾಗಿತ್ತು. ಅದನ್ನು ನಂಬಿ ಕೊಂಡವರಿಗೆ ಕೌನ್ಸಿಲ್ ಹೊಣೆ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿತು. ಬೇರೆಯವರ ಹೆಸರಿನ ಪ್ರತಿ ಹಿಡಿದು ಹೋದರೆ ಅದೇ ಬಲ ಸಿಗುತ್ತದೆಂದು ಭಾವಿಸಬೇಡಿ. ಮನೆ ನಿಜಕ್ಕೂ ಬೇಕೆನಿಸಿದರೆ ನಿಮ್ಮ ಹೆಸರಿನಲ್ಲೇ ತರಿಸಿ. ಜೀವಮಾನದ ಸಾಲ ಮಾಡುವವರು ಇಲ್ಲಿ ಕೆಲವು ನೂರು ಡಾಲರ್ ಉಳಿಸಲು ಹೋಗುವುದು ನಮಗಂತೂ ಅರ್ಥವಾಗಿಲ್ಲ.

ಎರಡನೆಯದು ಪ್ರಾಪರ್ಟಿ ಫೈಲ್. ಲಿಮ್ ಕೌನ್ಸಿಲ್ ಸಿದ್ಧಪಡಿಸಿದ ಸಾರಾಂಶ, ಫೈಲ್ ಎಂದರೆ ಮೂಲ ಕಾಗದಗಳೇ: ನಕ್ಷೆ, ಎಂಜಿನಿಯರ್ ಲೆಕ್ಕ, ತಪಾಸಣಾಧಿಕಾರಿಯ ಟಿಪ್ಪಣಿ, ನೆರೆಯವರ ದೂರು. ಇದನ್ನೂ ಯಾರು ಬೇಕಾದರೂ ತರಿಸಬಹುದು. ಈಗಿನ ಆಕ್ಲೆಂಡ್ ಕೌನ್ಸಿಲ್ ಹುಟ್ಟಿದ್ದು 2010ರ ನವೆಂಬರ್ 1ರಂದು, ಎಂಟು ಕೌನ್ಸಿಲ್‌ಗಳು ಸೇರಿ. ಆದ್ದರಿಂದ ಮನುಕಾವ್, ವೈಟಾಕೆರೆ, ನಾರ್ತ್ ಶೋರ್, ಪಾಪಕುರಾ ಭಾಗಗಳ ಹಳೆಯ ಕಡತಗಳಿಗೆ ಒಂದೊಂದಕ್ಕೂ ಒಂದೊಂದು ರೂಪ. ಕೈಬರಹ ಮಸುಕಾಗಿರುತ್ತದೆ, ಪುಟಗಳು ಹಿಂದುಮುಂದಾಗಿರುತ್ತವೆ. ಬೇಸರಪಡದೆ ಓದಿ, ಲಿಮ್ ಮುಚ್ಚಟೆಯಾಗಿ ಒಂದೇ ಸಾಲಿನಲ್ಲಿ ಹೇಳಿದ್ದರ ಪೂರ್ತಿ ಕಥೆ ಇಲ್ಲಿರುತ್ತದೆ.

ನಕ್ಷೆ ಹಿಡಿದು ಮನೆ ಸುತ್ತಿ

ಒಪ್ಪಿಗೆ ಪಡೆದ ನಕ್ಷೆಯನ್ನು ಮುದ್ರಿಸಿಕೊಂಡು ಓಪನ್ ಹೋಮ್‌ಗೆ, ಅಂದರೆ ಮಾರಾಟದ ಮನೆಯನ್ನು ಎಲ್ಲರಿಗೂ ತೆರೆದು ತೋರಿಸುವ ಹೊತ್ತಿಗೆ, ಹೋಗಿ. ಗೋಡೆ, ಬಾಗಿಲು, ಬಚ್ಚಲುಗಳನ್ನು ಒಂದೊಂದಾಗಿ ತಾಳೆ ನೋಡಿ. ಕೌನ್ಸಿಲ್‌ಗೆ ತಿಳಿಸಿ ಮಾಡಿದ್ದು ಮಾತ್ರ ಕಡತದಲ್ಲಿರುತ್ತದೆ. ಹೇಳದೆ ಮಾಡಿದ್ದು ನಕ್ಷೆಗೂ ಮನೆಗೂ ಇರುವ ವ್ಯತ್ಯಾಸದಲ್ಲೇ ಕಾಣಬೇಕು. ನೆಲಮಾಳಿಗೆಯ ಅಡುಗೆಮನೆ, ಗ್ಯಾರೇಜಿನೊಳಗಿನ ಶೌಚಾಲಯ, ಮೂಲ ಮನೆಗೆ ಅಂಟಿಸಿದ ಗಾಜಿನ ಕೋಣೆಗಳಲ್ಲಿ ಇಂಥ ವ್ಯತ್ಯಾಸ ಮತ್ತೆ ಮತ್ತೆ ಸಿಗುತ್ತದೆ.

ವ್ಯತ್ಯಾಸ ಸಿಕ್ಕರೆ ಕೆಲಸ ಯಾವ ಕಾಲದ್ದು ಎಂದು ಮೊದಲು ತಿಳಿಯಿರಿ. 1992ರ ಜುಲೈ 1 ಇಲ್ಲಿ ಗಡಿರೇಖೆ. 1991ರ ಕಟ್ಟಡ ಕಾಯ್ದೆಗೆ ಮೊದಲು ಇದ್ದದ್ದು ಪರ್ಮಿಟ್ ಪದ್ಧತಿ. ಆಗ ಕೋಡ್ ಕಂಪ್ಲಯನ್ಸ್ ಸರ್ಟಿಫಿಕೇಟ್, ಅಂದರೆ ಸಿಸಿಸಿ, ಇರಲೇ ಇಲ್ಲ. 1960ರ ದಶಕದ ಮರದ ಮನೆಗೆ ಸಿಸಿಸಿ ಎಲ್ಲಿ ಎಂದು ಕೇಳಿ ಏಜೆಂಟರನ್ನು ಗಾಬರಿಪಡಿಸಬೇಡಿ. ಆದರೆ ಹೊಸ ಪದ್ಧತಿ ಬಂದ ಮೇಲೆ ಅನುಮತಿ ಪಡೆದು ಕಟ್ಟಿದ ಪ್ರತಿ ಕೆಲಸಕ್ಕೂ ಸಿಸಿಸಿ ಇರಬೇಕು. ಬೆಂಗಳೂರಿನ ಓಸಿ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಅನುಮತಿ ಇದ್ದು ಸಿಸಿಸಿ ಇಲ್ಲದಿದ್ದರೆ ಕೊನೆಯ ತಪಾಸಣೆ ಆಗದೇ ಇರಬಹುದು, ಇಲ್ಲವೇ ಆಗಿ ನಪಾಸಾಗಿರಬಹುದು. ಏನಾಗಿದೆ ಎಂದು ಫೈಲಿನ ತಪಾಸಣಾ ಟಿಪ್ಪಣಿ ಹೇಳುತ್ತದೆ. ಬ್ಯಾಂಕೂ ವಿಮಾ ಕಂಪನಿಯೂ ಇದನ್ನು ಕೇಳಬಹುದು.

ಅನುಮತಿಯೇ ಇಲ್ಲದೆ ಆ ದಿನಾಂಕದ ನಂತರ ಮಾಡಿದ ಕೆಲಸಕ್ಕೆ ಸರ್ಟಿಫಿಕೇಟ್ ಆಫ್ ಆಕ್ಸೆಪ್ಟೆನ್ಸ್ ಎಂಬುದಕ್ಕೆ ಅರ್ಜಿ ಹಾಕಬಹುದು. ಅಧಿಕಾರಿ ಕಣ್ಣಿಗೆ ಕಂಡಷ್ಟಕ್ಕೆ ಮಾತ್ರ ಅದು ಅನ್ವಯಿಸುತ್ತದೆ, ಗೋಡೆಯೊಳಗಿನದಕ್ಕಲ್ಲ. ಅದಕ್ಕೂ ಹಿಂದಿನ ಕೆಲಸವಾದರೆ ಕಡತದಲ್ಲಿ ‘ಸೇಫ್ ಅಂಡ್ ಸ್ಯಾನಿಟರಿ’ (ಸುರಕ್ಷಿತ, ಆರೋಗ್ಯಕರ ಎನ್ನುವ) ವರದಿ ಕಾಣಬಹುದು. ಖಾಸಗಿ ತಜ್ಞರು ಬರೆದ ಈ ವರದಿಯನ್ನು ಕೌನ್ಸಿಲ್ ಫೈಲಿಗೆ ಸೇರಿಸಿಕೊಳ್ಳುತ್ತದೆ ಅಷ್ಟೆ, ಅದು ಅನುಮತಿಯಲ್ಲ. ಏಜೆಂಟರು “ಎಲ್ಲ ಕೌನ್ಸಿಲ್‌ನಲ್ಲಿ ಸರಿಯಾಗಿದೆ” ಎಂದಾಗ ಮೂರರಲ್ಲಿ ಯಾವ ಕಾಗದ ಎಂದು ಕೇಳಿ.

ಹಾಗೆಂದು ಕಡತದಲ್ಲಿಲ್ಲದ್ದೆಲ್ಲ ಅಕ್ರಮವೂ ಅಲ್ಲ. ಒಂದೂವರೆ ಮೀಟರ್‌ಗಿಂತ ಎತ್ತರದಿಂದ ಬೀಳುವ ಸಂಭವವಿಲ್ಲದ ಡೆಕ್‌ಗೆ (ಮನೆಯ ಹೊರಗಿನ ತೆರೆದ ಜಗಲಿಗೆ) ಕಟ್ಟಡ ಅನುಮತಿ ಬೇಡ. 2020ರಿಂದ ಕೆಲವು ಷರತ್ತುಗಳೊಡನೆ 30 ಚದರ ಮೀಟರ್‌ವರೆಗಿನ ಒಂಟಿ ಅಂತಸ್ತಿನ ಬಿಡಿ ಕಟ್ಟಡಕ್ಕೂ ವಿನಾಯಿತಿ ಇದೆ. ಆದರೆ ಅದರಲ್ಲಿ ಅಡುಗೆಮನೆ, ಶೌಚಾಲಯ ಇರುವಂತಿಲ್ಲ.

ಸೋರುವ ಮನೆ, ಮುಳುಗುವ ಅಂಗಳ

1990ರ ದಶಕದ ನಡುವಿನಿಂದ 2004ರವರೆಗೆ ಕಟ್ಟಿದ, ಸೂರಿನ ಚಾಚು ಇಲ್ಲದ, ನುಣ್ಣನೆ ಗಾರೆ ಹೊದಿಸಿದಂತೆ ಕಾಣುವ ಮನೆಗಳನ್ನು ಕಂಡರೆ ಇಲ್ಲಿಯ ಹಳಬರು ಹುಬ್ಬು ಗಂಟಿಕ್ಕುತ್ತಾರೆ. ಹೊದಿಕೆಯ ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲು ದಾರಿಯಿರಲಿಲ್ಲ. ಆ ಕಾಲದ ಹಲವು ಮನೆಗಳ ಚೌಕಟ್ಟಿಗೆ ಬಳಸಿದ್ದು ರಾಸಾಯನಿಕ ಸಂಸ್ಕರಣೆಯಿಲ್ಲದ ಪೈನ್ ಮರ, ಅದು ಕೊಳೆಯಿತು. 2004ರಲ್ಲಿ ನಿಯಮ ಮತ್ತೆ ಬಿಗಿಯಾಯಿತು. ಹೊರಗಿನಿಂದ ಬಣ್ಣ ಬಳಿದರೆ ಏನೂ ಗೊತ್ತಾಗದು. ಲಿಮ್‌ನಲ್ಲಿ ವೆದರ್‌ಟೈಟ್‌ನೆಸ್, ಅಂದರೆ ಸೋರಿಕೆಯ, ದೂರಿನ ಉಲ್ಲೇಖವಿದೆಯೇ ನೋಡಿ. ಇಂಥ ಮನೆಗೆ ಇಡೀ ಹೊದಿಕೆ ಬದಲಿಸಿದ ಅನುಮತಿ ಮತ್ತು ಅದರ ಸಿಸಿಸಿ ಎರಡೂ ಇದ್ದರೆ ಒಳ್ಳೆಯ ಲಕ್ಷಣ. ದೂರು ಇಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲವೆಂದಲ್ಲ. ಮನೆ ಮಾರುವಾಗ ಬೆಲೆ ಬಿದ್ದೀತೆಂದು ದೂರು ಕೊಡದವರೂ ಇದ್ದಾರು. ಈ ಬಗೆಯ ಮನೆಗೆ ತಜ್ಞರ ತಪಾಸಣೆ ಬಿಟ್ಟು ಕೈ ಹಾಕಬೇಡಿ.

ಲಿಮ್‌ನ ನೆರೆ ಅಪಾಯದ ಪುಟವನ್ನು, ಆಕ್ಲೆಂಡಿನಲ್ಲಿ ನೆರೆ ತಂದ 2023ರ ಜನವರಿ 27ರ ಮಳೆಯ ನಂತರ ಎಲ್ಲರೂ ಓದತೊಡಗಿದ್ದಾರೆ. ‘ಓವರ್‌ಲ್ಯಾಂಡ್ ಫ್ಲೋ ಪಾತ್’ ಎಂದರೆ ಕೊಳವೆಗಳು ತುಂಬಿದ ಮೇಲೆ ಮಳೆನೀರು ನೆಲದ ಮೇಲೆ ಹರಿಯುವ ದಾರಿ. ಆಕ್ಲೆಂಡಿನಲ್ಲಿ ಅದು ಅಸಂಖ್ಯ ಹಿತ್ತಿಲುಗಳಲ್ಲಿ ಇದೆ, ಇದ್ದ ಮಾತ್ರಕ್ಕೆ ಮನೆ ಬಿಡಬೇಕಿಲ್ಲ. ಆ ಗೆರೆ ಬೇಲಿಯ ಬದಿಗಿದೆಯೋ ಮಲಗುವ ಕೋಣೆಯ ಕೆಳಗಿದೆಯೋ ಎಂಬುದು ಮುಖ್ಯ. ಕೌನ್ಸಿಲ್‌ನ ಫ್ಲಡ್ ವ್ಯೂವರ್ ನಕ್ಷೆಯಲ್ಲಿ ದುಡ್ಡಿಲ್ಲದೆ ನೋಡಬಹುದು. ಟೈಟಲ್‌ನಲ್ಲಿ ನೈಸರ್ಗಿಕ ಅಪಾಯದ ನೋಟಿಸ್ ದಾಖಲಾಗಿದ್ದರೆ ಮೊದಲು ವಿಮಾ ಕಂಪನಿಗೆ ಫೋನ್ ಮಾಡಿ. ವಿಮೆ ಸಿಗದ ಮನೆಗೆ ಬ್ಯಾಂಕ್ ಸಾಲ ಸಿಗುವುದಿಲ್ಲ.

ಟೈಟಲ್ ‘ಕ್ರಾಸ್ ಲೀಸ್’ ಆಗಿದ್ದರೆ, ಅಂದರೆ ಜಮೀನಿಗೆ ನೆರೆಯವರೊಡನೆ ಜಂಟಿ ಒಡೆತನವಿದ್ದು ತಮ್ಮ ಮನೆಯನ್ನು ಗುತ್ತಿಗೆಯಲ್ಲಿ ಪಡೆದಿರುವ ಪದ್ಧತಿಯಾಗಿದ್ದರೆ, ಇನ್ನೊಂದು ತಾಳೆ ಬೇಕು. ಅದರೊಡನೆ ಇರುವ ಫ್ಲ್ಯಾಟ್ಸ್ ಪ್ಲಾನ್‌ನಲ್ಲಿರುವ ಹೊರಗೆರೆಗೂ ಮನೆಯ ಈಗಿನ ಆಕಾರಕ್ಕೂ ಹೊಂದಿಕೆಯಾಗಬೇಕು. ಕೌನ್ಸಿಲ್ ಅನುಮತಿ ಪಡೆದು ಕಟ್ಟಿದ ಕೋಣೆಯೂ ಈ ನಕ್ಷೆಯಲ್ಲಿ ಇಲ್ಲದಿದ್ದರೆ ಟೈಟಲ್ ದೋಷವೇ, ಸರಿಪಡಿಸಲು ನೆರೆಯವರ ಸಹಿ ಬೇಕಾಗುತ್ತದೆ.

ಬಾಡಿಗೆಗೆ ಹುಡುಕುವವರು ಇದೆಲ್ಲ ನಮಗಲ್ಲ ಎಂದುಕೊಳ್ಳಬೇಡಿ. ‘ಸ್ಲೀಪ್‌ಔಟ್’ (ಹಿತ್ತಿಲಿನ ಬಿಡಿ ಮಲಗುವ ಕೋಣೆ) ಅಥವಾ ‘ಗ್ರ್ಯಾನಿ ಫ್ಲ್ಯಾಟ್’ (ಮುಖ್ಯ ಮನೆಯ ಪಕ್ಕದ ಪುಟ್ಟ ಮನೆ) ಎಂದು ಬಾಡಿಗೆಗೆ ಕೊಡುವ ಜಾಗ ವಾಸಕ್ಕೆ ಅನುಮತಿ ಪಡೆದದ್ದೇ ಎಂದು ಫೈಲ್ ನೋಡಿದರೆ ತಿಳಿಯುತ್ತದೆ. ಮಕ್ಕಳನ್ನು ಗ್ಯಾರೇಜಿನಲ್ಲಿ ಮಲಗಿಸುವ ಮೊದಲು ಇಷ್ಟಾದರೂ ನೋಡಬೇಕು. ವರ್ಕ್ ವೀಸಾ, ಸ್ಟೂಡೆಂಟ್ ವೀಸಾದಲ್ಲಿರುವವರು 2018ರ ಅಕ್ಟೋಬರ್‌ನಿಂದ ಸಾಮಾನ್ಯವಾಗಿ ಈಗಾಗಲೇ ಕಟ್ಟಿರುವ ಮನೆಯನ್ನು ಕೊಳ್ಳುವಂತಿಲ್ಲ. ಲಿಮ್‌ಗೆ ದುಡ್ಡು ಹಾಕುವ ಮೊದಲು ನಿಮ್ಮ ವೀಸಾದ ಸ್ಥಿತಿಯನ್ನು ವಕೀಲರಲ್ಲಿ ವಿಚಾರಿಸಿ.

ಕಡೆಗೆ ಸಮಯದ ವಿಷಯ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಮೇಲೆ ಷರತ್ತಿಲ್ಲ, ಹಿಂದೆ ಸರಿಯುವಂತಿಲ್ಲ. ಕಾಗದ ಓದುವುದೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು. ಹರಾಜಲ್ಲದ ಮಾರಾಟದಲ್ಲಿ ಲಿಮ್ ಒಪ್ಪಿಗೆಯಾಗಬೇಕೆಂಬ ಷರತ್ತನ್ನು ಕರಾರಿನಲ್ಲಿ ಹಾಕಿಸಬಹುದು. ವಕೀಲರಿಗೆ ಲಿಮ್ ಕಳುಹಿಸಿದರೆ ಸಾಲದು. ಅವರು ಮನೆ ನೋಡಿರುವುದಿಲ್ಲ, ಕಾಗದವನ್ನಷ್ಟೇ ಓದುತ್ತಾರೆ. ನಕ್ಷೆಗೆ ಹೊಂದದ ಪ್ರತಿ ಜಾಗದ ಫೋಟೊ ತೆಗೆದು, ನಕ್ಷೆಯ ಪುಟಸಂಖ್ಯೆ ಬರೆದು, ಷರತ್ತಿನ ಗಡುವು ಮುಗಿಯುವ ಮುನ್ನವೇ ಅವರಿಗೆ ಇಮೇಲ್ ಮಾಡಿ.