ಪ್ರಿಸಿಷನ್ನೋ, ಜಾಝೋ? ಬೇಸ್ ಗಿಟಾರ್ ಕೊಳ್ಳುವ ಮೊದಲು ಕೇಳಿ ನೋಡುವುದು ಹೀಗೆ

ಬೆಳಗಾವಿಯಲ್ಲಿ ಗಣಪತಿ ಹಬ್ಬ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಅಣ್ಣಾ, ನಮ್ಮ ಆರ್ಕೆಸ್ಟ್ರಾಕ್ಕೆ ಬೇಸ್ ಗಿಟಾರ್ ಬೇಕಾಗಿದೆ, ಯಾವ ಕಂಪನಿದು ತರಲಿ?" ನಾನು ತಿರುಗಿ ಕೇಳುವುದು ಬೇರೆ. ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಪಟ್ಟಿ, ಎಲ್ಲಿದೆ, ಎಷ್ಟಿವೆ? ಧ್ವನಿಯ ಮುಕ್ಕಾಲು ಪಾಲು ಕಥೆ ಅಲ್ಲೇ ಇರುತ್ತದೆ.

ತಬಲಾ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಅಂಚಿನ ಮೇಲೆ ಹೊಡೆದರೆ "ನಾ" ಚೂಪಾಗಿ ಬರುತ್ತದೆ, ಸ್ವಲ್ಪ ಒಳಗೆ ಬಂದರೆ "ತಿನ್" ಮೆತ್ತಗಾಗುತ್ತದೆ, ಅಲ್ವಾ? ಬೇಸ್‌ನ ತಂತಿಯೂ ಹಾಗೇ. ಬ್ರಿಡ್ಜ್, ಅಂದರೆ ತಂತಿಯ ಕೆಳತುದಿ ಕೂತ ಜಾಗದ ಹತ್ತಿರ ತಂತಿ ಕಡಿಮೆ ಅಲುಗುತ್ತದೆ, ಅಲ್ಲಿರುವ ಪಿಕಪ್ ಚೂಪಾದ, ಗಟ್ಟಿ ಧ್ವನಿ ಹಿಡಿಯುತ್ತದೆ. ಕುತ್ತಿಗೆ ಕಡೆ ಬಂದಷ್ಟೂ ಧ್ವನಿ ದುಂಡಗಾಗುತ್ತದೆ, ಗುಂ ಅನ್ನುತ್ತದೆ.

ಮೊದಲು ಪ್ರಿಸಿಷನ್ ಕೇಳಿ. ಅಮೆರಿಕದ ಫೆಂಡರ್ ಕಂಪನಿ ಇದನ್ನು 1951ರಲ್ಲಿ ತಂದಿತು. ಈಗ ನಾವು ನೋಡುವ, ಎರಡು ತುಂಡಾಗಿ ಹಿಂದೆ ಮುಂದೆ ಕೂತ ಪಿಕಪ್ ಬಂದದ್ದು 1957ರಲ್ಲಿ. ನಡುವೆ ಒಂದೇ ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ಒಬ್ಬರೇ ಕೂತು ನುಡಿಸಿದರೆ "ಇಷ್ಟೇನಾ" ಅನ್ನಿಸಬಹುದು, ಆದರೆ ಡ್ರಮ್ಸ್, ಢೋಲಕ್, ಎರಡು ಕೀಬೋರ್ಡ್ ಎಲ್ಲಾ ಸೇರಿ ಗದ್ದಲ ಎದ್ದಾಗ ಇದರ ದಪ್ಪ ಧ್ವನಿ ಕೆಳಗೆ ಗಟ್ಟಿಯಾಗಿ ನಿಂತಿರುತ್ತದೆ. ಹಾಡುವವರಿಗೆ ಆಧಾರ ಸಿಗುತ್ತದೆ. ರಸಮಂಜರಿಗೆ ಬೇಸ್ ಕೇಳುವ ಹುಡುಗರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಅದೇ ಕಂಪನಿಯ ಜಾಝ್ ಬೇಸ್ 1960ರದ್ದು. ಎರಡು ಪಿಕಪ್, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಕುತ್ತಿಗೆ ತಲೆಯ ಕಡೆ ಸಪೂರ, ಸುಮಾರು 38 ಮಿಲಿಮೀಟರ್. ಪ್ರಿಸಿಷನ್‌ಗೆ ಈಗ ಸಾಮಾನ್ಯವಾಗಿ 42ರ ಹತ್ತಿರ ಇರುತ್ತದೆ. ಬೆರಳು ಚಿಕ್ಕದಿದ್ದವರಿಗೆ ಈ ನಾಲ್ಕು ಮಿಲಿಮೀಟರ್ ದೊಡ್ಡ ವ್ಯತ್ಯಾಸ. ಇದನ್ನು ಪರೀಕ್ಷೆ ಮಾಡುವಾಗ ಅವಸರ ಮಾಡಬೇಡಿ. ಮೊದಲು ಎರಡೂ ವಾಲ್ಯೂಮ್ ಪೂರ್ತಿ ತಿರುಗಿಸಿ ನುಡಿಸಿ: ಧ್ವನಿಯ ನಡುಭಾಗ ಸ್ವಲ್ಪ ಖಾಲಿ ಆದಂತೆ, ಮೇಲೆ ಕೆಳಗೆ ಹೊಳಪು ಬಂದಂತೆ ಇರುತ್ತದೆ. ಆಮೇಲೆ ಕುತ್ತಿಗೆ ಕಡೆಯದನ್ನು ನಿಧಾನ ಇಳಿಸಿ, ಬ್ರಿಡ್ಜ್‌ನದ್ದು ಮಾತ್ರ ಉಳಿದಾಗ ಮೂಗಿನಿಂದ ಹಾಡಿದಂಥ, ಗುರ್ ಅನ್ನುವ ಧ್ವನಿ ಬರುತ್ತದೆ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಒಂದೇ ಪಿಕಪ್ ಬಳಸಿದಾಗ ಸಾಮಾನ್ಯವಾಗಿ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು ಕೂಡ ಬರುತ್ತದೆ. ಎರಡನ್ನೂ ಸಮ ಇಟ್ಟರೆ ಒಂದರ ಹಮ್ ಇನ್ನೊಂದು ಕಳೆಯುತ್ತದೆ. ಡಿಮ್ಮರ್ ಲೈಟು ಹಾಕಿದ ಸ್ಟೇಜ್ ಮೇಲೆ ಈ ವಿಷಯ ತುಂಬಾ ಮುಖ್ಯ, ಅಂಗಡಿಯಲ್ಲಿ ಗೊತ್ತೇ ಆಗುವುದಿಲ್ಲ.

ಮ್ಯೂಸಿಕ್ ಮ್ಯಾನ್‌ನ ಸ್ಟಿಂಗ್‌ರೇ 1976ರದ್ದು. ಬ್ರಿಡ್ಜ್ ಕಡೆ ಒಂದು ದೊಡ್ಡ ಹಂಬಕರ್ (ಹಮ್ ಕಳೆಯುವ ಜೋಡಿ ಸುರುಳಿಯ ಪಿಕಪ್), ಒಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ, ಧ್ವನಿ ಹಿಗ್ಗಿಸುವ ಪ್ರಿಆಂಪ್. ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್‌ಗೆ ಇದರ ಧ್ವನಿ ಛಡಿ ಏಟಿನ ಹಾಗೆ. ಇಂಥ ಬ್ಯಾಟರಿಯ, ಅಂದರೆ ಆಕ್ಟಿವ್ ಬೇಸ್‌ನಲ್ಲಿ ಕೇಬಲ್ ಚುಚ್ಚಿಟ್ಟರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಒಮ್ಮೆ ಸಾಂಬ್ರಾ ಕಡೆ ಒಂದು ಕಾರ್ಯಕ್ರಮದಲ್ಲಿ ಮೂರನೇ ಹಾಡಿಗೆ ಬ್ಯಾಟರಿ ತೀರಿ ನನ್ನ ಬೇಸ್‌ನ ಧ್ವನಿ ಒಡೆದು ಕ್ಷೀಣವಾಗಿಬಿಟ್ಟಿತು. ಅಂದಿನಿಂದ ಬ್ಯಾಗಿನಲ್ಲಿ ಒಂದು ಹೊಸ ಬ್ಯಾಟರಿ ಇದ್ದೇ ಇರುತ್ತದೆ.

ಪಿಟೀಲಿನ ಆಕಾರದ ಹಾಫ್ನರ್ ಥರದ್ದು ಬೇರೆಯೇ ಜಾತಿ. ಒಳಗೆ ಟೊಳ್ಳು, ತಂತಿಯ ಉದ್ದ ಸುಮಾರು 30 ಇಂಚು. ಮೇಲೆ ಹೇಳಿದ ಮೂರೂ 34 ಇಂಚಿನವು. ಹಗುರ, ಧ್ವನಿ ಮೆತ್ತಗೆ, ಬೇಗ ಸಾಯುತ್ತದೆ. ಹಳೆಯ ಹಾಡುಗಳಿಗೆ ಚೆಂದ. ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಇಲ್ಲದ ಬೇಸ್ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ನಮ್ಮ ಪಕ್ಕ, ಮೀಂಡ್ ಕೇಳಿ ಬೆಳೆದ ಕಿವಿ ನಮ್ಮದು. ಭಾವಗೀತೆಗೆ ಆ ಬೇಸ್ ನುಡಿಸಿದಾಗ ಸ್ವರದಿಂದ ಸ್ವರಕ್ಕೆ ಜಾರುವುದು ಎಷ್ಟು ಹಿತವಾಗಿರುತ್ತದೆ! ಆದರೆ ಶ್ರುತಿ ಹಿಡಿಯುವುದು ಪೂರ್ತಿ ನಿಮ್ಮ ಬೆರಳಿನ ಹೊಣೆ, ಹಾಗಾಗಿ ಮೊದಲ ಬೇಸ್ ಆಗಿ ಬೇಡ.

ಈಗ ಅಂಗಡಿಗೆ ಹೋದಾಗ ಮಾಡಬೇಕಾದ್ದು. ಎಲ್ಲಾ ಬೇಸ್‌ಗಳನ್ನೂ ಒಂದೇ ಆಂಪ್‌ಗೆ ಹಚ್ಚಿ. ಆಂಪ್‌ನ ನಾಬ್‌ಗಳನ್ನು ನಡುವೆ ಇಡಿ, ಬೇಸ್‌ನ ಟೋನ್ ಪೂರ್ತಿ ತೆರೆದಿಡಿ, ಆಕ್ಟಿವ್ ಇದ್ದರೆ ಅದರ ನಾಬ್‌ಗಳೂ ನಡುವೆ. ಪ್ರತಿಯೊಂದರ ಮೇಲೂ ಅದದೇ ನಾಲ್ಕು ಮಾತ್ರೆಯ ಸಾಲು ನುಡಿಸಿ, ಬೆರಳು ಇಡುವ ಜಾಗವೂ ಒಂದೇ ಇರಲಿ. ಜೋರಾಗಿ ಕೇಳುವುದೇ ಚೆನ್ನಾಗಿದೆ ಅಂತ ಕಿವಿ ಸುಮ್ನೆ ಮೋಸ ಹೋಗುತ್ತದೆ, ಅದಕ್ಕೆ ವಾಲ್ಯೂಮ್ ಸಮ ಮಾಡಿಕೊಳ್ಳಿ. ತಂತಿಯನ್ನೂ ನೋಡಿ. ಒಂದಕ್ಕೆ ಒರಟು ಮೈಯ ಹೊಸ ರೌಂಡ್‌ವೌಂಡ್ ತಂತಿ, ಇನ್ನೊಂದಕ್ಕೆ ವರ್ಷದ ಹಳೆಯ ತಂತಿ ಇದ್ದರೆ ನೀವು ಹೋಲಿಸುತ್ತಿರುವುದು ತಂತಿಯನ್ನೇ ಹೊರತು ಬೇಸನ್ನಲ್ಲ. ನುಣುಪಾದ ಫ್ಲಾಟ್‌ವೌಂಡ್ ಹಾಕಿದರೆ ಜಾಝ್ ಬೇಸ್ ಕೂಡ ಮೆತ್ತಗಾಗುತ್ತದೆ.

ಮೊಬೈಲ್‌ನಲ್ಲಿ ವಿಡಿಯೋ ನೋಡಿ ಮಾತ್ರ ತೀರ್ಮಾನಿಸಬೇಡಿ. ಬಿಟ್ಟ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಐದು ತಂತಿಯ ಬೇಸ್‌ನ ಬಿ ತಂತಿಯದ್ದು 31. ಮೊಬೈಲಿನ ಚಿಕ್ಕ ಸ್ಪೀಕರ್ ಅದನ್ನು ಕೊಡಲಾರದು. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ. ಸಾಧ್ಯವಾದರೆ ಡ್ರಮ್ಸ್ ನುಡಿಸುವ ಗೆಳೆಯನನ್ನೂ ಕರೆದುಕೊಂಡು ಹೋಗಿ.

ಬಜೆಟ್ ಕಡಿಮೆ ಇದ್ದು ಪ್ರಿಸಿಷನ್ನೂ ಜಾಝೂ ಎರಡೂ ಇಷ್ಟವಾದರೆ ಪಿಜೆ ಜೋಡಣೆ ಇರುವುದನ್ನು ಕೇಳಿ, ನಡುವೆ ಪ್ರಿಸಿಷನ್‌ನದ್ದು, ಬ್ರಿಡ್ಜ್ ಹತ್ತಿರ ಜಾಝ್‌ನದ್ದು ಇರುತ್ತದೆ. ಯಮಹಾದ ಟಿಆರ್‌ಬಿಎಕ್ಸ್ 174 ಹಾಗೇ ಇದೆ. ಕೊಳ್ಳುವಾಗ ಟ್ರಸ್ ರಾಡ್, ಅಂದರೆ ಕುತ್ತಿಗೆಯ ಬಾಗು ಸರಿಮಾಡುವ ಒಳಗಿನ ಲೋಹದ ಸರಳು, ತಿರುಗಿಸುವ ಕೀಲಿ ಕೇಳಿ ಇಸಿದುಕೊಳ್ಳಿ. ನಮ್ಮ ಬೆಳಗಾವಿಯ ಮಳೆಗಾಲದ ತೇವಕ್ಕೂ ವಿಜಯಪುರದ ಬೇಸಿಗೆಯ ಒಣ ಬಿಸಿಲಿಗೂ ಕಟ್ಟಿಗೆ ಬಾಗುತ್ತದೆ, ತಂತಿ ಫ್ರೆಟ್‌ಗೆ ತಾಗಿ ಜಿರ್ ಅನ್ನುತ್ತದೆ. ಆಗ ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ.