ಖುಷಿ ಎಲ್ಲಿ ಸೋರಿ ಹೋಗುತ್ತಿದೆ? ಒಂದು ದಿನದ ಲೆಕ್ಕ ಬರೆದು ನೋಡಿ

"ಖುಷಿಯಾಗಿದ್ದೀರಾ?" ಅಂತ ಯಾರಾದರೂ ಕೇಳಿದರೆ ಸಂಬಳ, ಮನೆ ಸಾಲ, ಮಕ್ಕಳ ಓದು ಎಲ್ಲವನ್ನೂ ಒಟ್ಟಿಗೆ ತೂಗಿ "ಪರವಾಗಿಲ್ಲ" ಅನ್ನುತ್ತೇವೆ, ಅಲ್ವಾ? ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ನಿನ್ನೆಯ ಒಂದು ದಿನವನ್ನು ಬಿಡಿಸಿ ನೋಡಿ, ಬೇಕಾದಷ್ಟು ಗೊತ್ತಾಗುತ್ತದೆ.

2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಹೋಗುವ 909 ಮಹಿಳೆಯರಿಂದ ಹೀಗೇ ಹಿಂದಿನ ದಿನವನ್ನು ಬರೆಸಿದ್ದರು. ಬೆಳಗಿನ ಪ್ರಯಾಣಕ್ಕೆ ತೀರಾ ಕಡಿಮೆ ಅಂಕ ಬಂತು, ಗೆಳೆಯರ ಜೊತೆ ಕಳೆದ ಹೊತ್ತಿಗೆ ಒಳ್ಳೆಯ ಅಂಕ. ದಿನ ಹೇಗಿತ್ತು ಅನ್ನುವುದರಲ್ಲಿ ಮನೆಯ ಆದಾಯಕ್ಕಿಂತ ನಿದ್ದೆಯ ಪಾತ್ರವೇ ಜಾಸ್ತಿ ಇತ್ತು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎದ್ದಾಗಿನಿಂದ ಮಲಗುವವರೆಗಿನ ಹೊತ್ತನ್ನು ತುಂಡು ತುಂಡಾಗಿ ಬರೆಯಿರಿ. ಎಷ್ಟು ಹೊತ್ತು, ಏನು ಮಾಡಿದಿರಿ, ಜೊತೆಗೆ ಯಾರಿದ್ದರು, ಮನಸ್ಸಿಗೆ ಹೇಗಿತ್ತು. ಕೊನೆಯದಕ್ಕೆ 0ಯಿಂದ 6ರವರೆಗೆ ಅಂಕ ಕೊಡಿ. ಯಾರಿದ್ದರು ಅನ್ನುವುದನ್ನು ಮಾತ್ರ ಬಿಡಲೇಬೇಡಿ. ಮೂರು ದಿನ ಸಾಕು, ಅದರಲ್ಲಿ ಒಂದು ಭಾನುವಾರ ಇರಲಿ.

ನನ್ನ ಲೆಕ್ಕದಲ್ಲಿ ಸಿಲ್ಕ್ ಬೋರ್ಡ್ ದಾಟುವ ಬಸ್ಸಿಗೆ 1 ಬಂತು. ಅದು ಗೊತ್ತಿದ್ದದ್ದೇ. ಆದರೆ ಮಲಗುವ ಮುಂಚೆ ಸುಮ್ನೆ ಮೊಬೈಲ್ ನೋಡುತ್ತಾ ಕಳೆದ ಒಂದೂವರೆ ಗಂಟೆಗೆ ಬರೀ 2. ಅದನ್ನೇ ನಾನು ರೆಸ್ಟ್ ಅಂದುಕೊಂಡಿದ್ದೆ! 6 ಬಂದಿದ್ದು ಅಮ್ಮನ ಜೊತೆ ಕೂತು ನೆನೆಸಿದ ಅವರೆಕಾಳು ಹಿತುಕಿದ ಇಪ್ಪತ್ತು ನಿಮಿಷಕ್ಕೆ: ಬೆರಳ ತುದಿ ಸುಕ್ಕಾಗಿತ್ತು, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಅಮ್ಮ ಊರಿನ ಮದುವೆ ಸುದ್ದಿ ಹೇಳುತ್ತಾ ಕೈ ನಿಲ್ಲಿಸಿ ನಗುತ್ತಿದ್ದಳು.

ಈಗ ಒಂದೇ ಒಂದು ಬದಲಾವಣೆ ಮಾಡಿ. ಕಡಿಮೆ ಅಂಕದ ಕಡೆಯಿಂದ ಅರ್ಧ ಗಂಟೆ ಕಿತ್ತು ಜಾಸ್ತಿ ಅಂಕದ ಕಡೆಗೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೊರಟರೆ ಒಂದು ವಾರವೂ ನಡೆಯುವುದಿಲ್ಲ. ವಾರಗಟ್ಟಲೆ ಇಡೀ ದಿನಕ್ಕೆ 0, 1 ಮಾತ್ರ ಬರುತ್ತಿದ್ದರೆ ಇದು ನೋಟ್‌ಬುಕ್‌ನಿಂದ ಸರಿಹೋಗುವ ವಿಷಯವಲ್ಲ, ದಯವಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ.

ತಪ್ಪಿಸಿಕೊಳ್ಳಲಾಗದ ಹೊತ್ತಿಗೆ ಜೊತೆ ಹುಡುಕಿ. ಶಿಕಾಗೋದ ರೈಲುಗಳಲ್ಲಿ ನಡೆಸಿದ ಒಂದು ಪ್ರಯೋಗದಲ್ಲಿ, ಅಪರಿಚಿತರನ್ನು ಮಾತಾಡಿಸಿದವರಿಗೆ ಒಬ್ಬರೇ ಕೂತವರಿಗಿಂತ ಪ್ರಯಾಣ ಹಿತವಾಗಿತ್ತು. ನಾನೂ ಪಕ್ಕದ ಸೀಟಿನವರನ್ನು "ಎಲ್ಲಿ ಇಳಿಯುತ್ತೀರಾ?" ಅಂತ ಕೇಳಲು ಶುರು ಮಾಡಿದೆ. ಆ ಬಸ್ಸಿಗೆ ಈಗ 3 ಬರುತ್ತದೆ.