ಬಿಎಸ್‌ಡಬ್ಲ್ಯೂ ಸೇರುವ ಮುಂಚೆ ‘ಫೀಲ್ಡ್ ಎಲ್ಲಿ?’ ಅಂತ ಕೇಳಿ

ಪಿಯುಸಿ ರಿಸಲ್ಟ್ ಬಂದ ಮೇಲೆ ನನಗೆ ಬರುವ ಫೋನುಗಳಲ್ಲಿ ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಡಿಗ್ರಿ (ಬ್ಯಾಚುಲರ್ ಆಫ್ ಸೋಶಿಯಲ್ ವರ್ಕ್) ಬಗ್ಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಇರುತ್ತದೆ. ‘ಅಕ್ಕಾ, ಬಿಎಸ್‌ಡಬ್ಲ್ಯೂ ತಗೊಂಡ್ರೆ ಕೆಲಸ ಸಿಗುತ್ತಾ?’ ಸಿಗುತ್ತದೆ. ಯಾವ ಕೆಲಸ, ಎಷ್ಟು ಸಂಬಳ ಅನ್ನುವುದು ಮಾತ್ರ ಆ ಮೂರು ವರ್ಷ ನೀವು ಎಲ್ಲೆಲ್ಲಿ ಓಡಾಡಿದಿರಿ, ಏನೇನು ಬರೆದಿರಿ ಅನ್ನುವುದರ ಮೇಲೆ ಹೋಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಕಟ್ಟಡ ನೋಡಿ, ಸಿಲಬಸ್ ನೋಡಿ ಕಾಲೇಜು ಆರಿಸಬೇಡಿ, ಫೀಲ್ಡ್‌ವರ್ಕ್, ಅಂದರೆ ಹಳ್ಳಿ, ಶಾಲೆ, ಸಂಸ್ಥೆಗಳಿಗೆ ಹೋಗಿ ಕೆಲಸ ಕಲಿಯುವುದು, ಅದನ್ನು ನೋಡಿ ಆರಿಸಿ. ನಾನು ಮಾಡಿದ್ದೂ ಅದನ್ನೇ. ಈಗ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ, ಬಿಎಸ್‌ಡಬ್ಲ್ಯೂ ಹುಡುಗ ಹುಡುಗಿಯರು ಫೀಲ್ಡಿಗೆ ಅಂತ ನಮ್ಮಲ್ಲಿಗೂ ಬರುತ್ತಾರೆ. ಹಾಗಾಗಿ ಎರಡೂ ಕಡೆ ನಿಂತು ನೋಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಸಣ್ಣ ವಿಷಯ ಮುಗಿಸಿಬಿಡೋಣ. ನಾನು ಪಿಯುಸಿಯಲ್ಲಿ ಓದಿದ್ದು ಹೆಚ್‌ಇಪಿಎಸ್. ಆದರೆ ಸೈನ್ಸ್, ಕಾಮರ್ಸ್ ಓದಿದವರೂ ಬಿಎಸ್‌ಡಬ್ಲ್ಯೂ ಸೇರಬಹುದು. ನಾನು ಓದುವಾಗ ಮೂರು ವರ್ಷ, ಆರು ಸೆಮಿಸ್ಟರ್. ಮಧ್ಯದಲ್ಲಿ 2021ರಲ್ಲಿ ಎನ್‌ಇಪಿ ಬಂದು ನಾಲ್ಕು ವರ್ಷದ ಆನರ್ಸ್ ಅಂತ ಆಯ್ತು, 2024-25ರಿಂದ ನಮ್ಮ ರಾಜ್ಯ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜಿಗೆ ಅರ್ಜಿ ಯುಯುಸಿಎಂಎಸ್ ಪೋರ್ಟಲಿನಲ್ಲಿ ಹಾಕಬೇಕು. ಸೈಬರ್ ಸೆಂಟರಿನವರಿಗೆ ಬಿಟ್ಟುಬಿಡಬೇಡಿ, ಪಕ್ಕದಲ್ಲೇ ಕೂತು ಹಾಕಿಸಿ.

ಈಗ ಕಾಲೇಜು. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಎಲ್ಲೆಲ್ಲಿ ಬಿಎಸ್‌ಡಬ್ಲ್ಯೂ ಇದೆ ಅಂತ ಪಟ್ಟಿ ಮಾಡಿಕೊಂಡು ಒಂದೊಂದೇ ಕಾಲೇಜಿಗೆ ಹೋದೆ. ಆಫೀಸಿಗೆ ಹೋಗಲಿಲ್ಲ. ಆಫೀಸಿನಲ್ಲಿ ಎಲ್ಲಾ ಚೆನ್ನಾಗಿದೆ ಅಂತಲೇ ಹೇಳುತ್ತಾರೆ ಅಲ್ವಾ! ಕೊನೆಯ ವರ್ಷದವರನ್ನು ಹುಡುಕಿ ಮಾತಾಡಿಸಿದೆ. ವಾರದಲ್ಲಿ ಎರಡು ದಿನ ನಿಜವಾಗಿಯೂ ಫೀಲ್ಡಿಗೆ ಕಳಿಸುತ್ತಾರಾ? ಎಲ್ಲಿಗೆ? ಮೇಷ್ಟ್ರು ಅಲ್ಲಿಗೆ ಬರುತ್ತಾರಾ, ಅಥವಾ ಫೋನಿನಲ್ಲೇ ‘ಎಲ್ಲಿದೀರಪ್ಪ’ ಅಂತ ಕೇಳಿ ಮುಗಿಸುತ್ತಾರಾ? ಬರೆದ ವರದಿ ಓದಿ ವಾಪಸ್ ಕೊಡುತ್ತಾರಾ? ವಾರಕ್ಕೊಮ್ಮೆ ಐಸಿ ಇದೆಯಾ? ಐಸಿ ಅಂದರೆ ಇಂಡಿವಿಜುವಲ್ ಕಾನ್ಫರೆನ್ಸ್, ಫೀಲ್ಡಿನಲ್ಲಿ ಏನಾಯ್ತು ಅಂತ ನೀವೂ ಸೂಪರ್‌ವೈಸರ್ ಇಬ್ಬರೇ ಕೂತು ಮಾತಾಡುವುದು. ಒಂದು ಕಾಲೇಜಿನಲ್ಲಿ ಒಬ್ಬ ಹುಡುಗ ನಗುತ್ತಾ, ‘ಫೀಲ್ಡಾ? ಸೆಮಿಸ್ಟರ್ ಕೊನೇಲಿ ಒಂದೇ ರಾತ್ರಿ ಎಲ್ಲಾ ವರದಿ ಬರೀತೀವಿ, ಸೀಲ್ ಹಾಕ್ಸ್ಕೊಂಡ್ ಬರ್ತೀವಿ’ ಅಂದ. ಆ ಕಾಲೇಜು ನಮ್ಮೂರಿಗೆ ಹತ್ತಿರ ಇತ್ತು, ಫೀಸೂ ಕಡಿಮೆ. ಆದರೂ ಬಿಟ್ಟೆ. ನಾನು ಸೇರಿದ ಸರ್ಕಾರಿ ಕಾಲೇಜಿನಲ್ಲಿ ವಿಭಾಗಕ್ಕೆ ಸರಿಯಾದ ಕೋಣೆಯೂ ಇರಲಿಲ್ಲ, ಆದರೆ ಅಲ್ಲಿನ ಮೇಡಂ ಕೆಂಪು ಪೆನ್ನಿಗೆ ಹುಡುಗರು ಹೆದರುತ್ತಿದ್ದರು. ನನಗೆ ಅಷ್ಟು ಸಾಕಾಯಿತು.

ಹತ್ತಿರ ಒಳ್ಳೆಯದು ಇಲ್ಲದಿದ್ದರೆ ದೂರದ್ದನ್ನೂ ನೋಡಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಇದೇ ವಿಷಯ ಕಲಿಸುತ್ತಿದೆ. ಮುಂಬೈನಲ್ಲಿ 1936ರಲ್ಲಿ ಶುರುವಾದ ಟಾಟಾ ಸಂಸ್ಥೆ, ಅಂದರೆ ಟಿಸ್, ತನ್ನ ತುಳಜಾಪುರ ಕ್ಯಾಂಪಸ್ಸಿನಲ್ಲಿ ಡಿಗ್ರಿ ಮಟ್ಟದಲ್ಲೇ ಸಮಾಜಕಾರ್ಯ ಕಲಿಸುತ್ತದೆ, ಅದಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಅಂಬಾಭವಾನಿಗೆ ಹೋಗಿಬರುವ ಕಲಬುರಗಿ, ಬೀದರ್ ಕಡೆಯವರಿಗೆ ತುಳಜಾಪುರ ದೂರವೇನಲ್ಲ. ಕೆಲಸ ಮಾಡುತ್ತಲೇ ಓದಬೇಕು ಅನ್ನುವವರಿಗೆ ಇಗ್ನೋ ಬಿಎಸ್‌ಡಬ್ಲ್ಯೂ ಇದೆ, ಮೂರರಿಂದ ಆರು ವರ್ಷದೊಳಗೆ ಮುಗಿಸಬಹುದು. ಅಲ್ಲೂ ಫೀಲ್ಡ್‌ವರ್ಕ್ ತಪ್ಪುವುದಿಲ್ಲ.

ಖರ್ಚಿನ ಲೆಕ್ಕ ಹಾಕುವಾಗ ಎಲ್ಲರೂ ಫೀಸು, ಹಾಸ್ಟೆಲ್ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಬಿಎಸ್‌ಡಬ್ಲ್ಯೂನಲ್ಲಿ ದುಡ್ಡು ಸೋರುವುದು ಓಡಾಟಕ್ಕೆ. ವಾರಕ್ಕೆರಡು ಸಲ ಕಾಲೇಜಲ್ಲದ ಇನ್ನೊಂದು ಊರಿಗೆ ಬಸ್ಸು, ಮಧ್ಯಾಹ್ನದ ಊಟ, ಜೆರಾಕ್ಸು, ಶಿಬಿರದ ದುಡ್ಡು, ಸ್ಟಡಿ ಟೂರು. ನನ್ನ ಬಸ್ ಪಾಸು ಕಾಲೇಜಿನ ರೂಟಿಗೆ ಮಾತ್ರ ನಡೆಯುತ್ತಿತ್ತು, ಫೀಲ್ಡಿಗೆ ಕೈಯಿಂದಲೇ ಟಿಕೆಟ್. ಈಗಿನ ಹುಡುಗಿಯರಿಗೆ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಆಯ್ತು. ನನ್ನ ಹೊಟ್ಟೆ ಸ್ವಲ್ಪ ಉರಿಯುತ್ತದೆ, ಸುಳ್ಳು ಹೇಳಲ್ಲ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಬಂದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ, ಅದನ್ನು ಬಿಡಬೇಡಿ.

ಸೇರಿದ ಮೇಲೆ ನಾನು ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆರು ಸೆಮಿಸ್ಟರಿಗೆ ಆರು ಗೆರೆ ಎಳೆದು, ಯಾವ ಸೆಮಿಸ್ಟರಿನಲ್ಲಿ ಯಾವ ತರದ ಜಾಗ ಬೇಕು ಅಂತ ಬರೆದುಕೊಂಡೆ. ಮೇಡಂಗೂ ತೋರಿಸಿದೆ. ಎಲ್ಲವೂ ಹಾಗೇ ಸಿಗುವುದಿಲ್ಲ, ಆದರೆ ಕೇಳದೇ ಇದ್ದರೆ ಮೂರೂ ವರ್ಷ ಕಾಲೇಜಿನ ಪಕ್ಕದ ಶಾಲೆಗೇ ಹಾಕಿಬಿಡುತ್ತಾರೆ. ಮೊದಲ ಸೆಮಿಸ್ಟರ್ ಸಂಸ್ಥೆಗಳನ್ನು ನೋಡಿ ಬರುವುದರಲ್ಲೇ ಹೋಗುತ್ತದೆ: ಬಾಲಮಂದಿರ, ವೃದ್ಧಾಶ್ರಮ, ಅಂಗವಿಕಲರ ಕೇಂದ್ರ. ಆಮೇಲೆ ಹಳ್ಳಿ ಅಥವಾ ಕೊಳೆಗೇರಿ, ಅದಾದ ಮೇಲೆ ಶಾಲೆ, ಕೊನೆಯ ವರ್ಷಕ್ಕೆ ಆಸ್ಪತ್ರೆ ಅಥವಾ ಮಕ್ಕಳ ಸಂಸ್ಥೆ ಅಂತ ನನ್ನ ಲೆಕ್ಕ. ಹಳ್ಳಿ ಮೊದಲು ಇರಲಿ ಅಂತ ಬಯಸಿದ್ದಕ್ಕೆ ಕಾರಣ ಇದೆ. ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದವರ ಮನೆ ಹೇಗಿರುತ್ತದೆ, ಅವರ ಊರಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ, ಡಿಸ್ಚಾರ್ಜ್ ಆದ ಮೇಲೆ ಮಾತ್ರೆ ಕೊಡುವವರು ಯಾರು, ಇದು ಗೊತ್ತಿಲ್ಲದೆ ವಾರ್ಡಿನಲ್ಲಿ ಕೂತು ಕೌನ್ಸೆಲಿಂಗ್ ಮಾಡುವುದು ಬರೀ ಬಾಯಿಮಾತು.

ಹಳ್ಳಿಯ ಫೀಲ್ಡಿನಲ್ಲಿ ಮೊದಲು ಕಲಿತದ್ದು ಸುಮ್ನೆ ಕೂರುವುದನ್ನ. ಅಂಗನವಾಡಿಯಲ್ಲಿ ಕೂತೆ, ಆಶಾ ಅಕ್ಕನ ಜೊತೆ ಮನೆ ಮನೆ ಸುತ್ತಿದೆ, ತಾಯಿ ಕಾರ್ಡ್ ಓದುವುದು ಕಲಿತೆ, ಸ್ವಸಹಾಯ ಸಂಘದ ಠರಾವು ಪುಸ್ತಕ, ಸಾಲದ ಪುಸ್ತಕ ತಿರುವಿಹಾಕಿದೆ. ಸಂಘದ ಹೆಂಗಸರಿಗೆ ಬಡ್ಡಿ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತಿತ್ತು. ಈ ಸಂಘಗಳ ಕತೆಗೆ ನಮ್ಮ ರಾಜ್ಯದ ನಂಟು ಜಾಸ್ತಿ: 80ರ ದಶಕದಲ್ಲಿ ಇಲ್ಲಿ ಮೈರಾಡ ಸಂಸ್ಥೆ ಇಂಥ ಸಣ್ಣ ಗುಂಪುಗಳನ್ನು ಕಟ್ಟಿದ ಮೇಲೆಯೇ 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸಲು ಹೊರಟದ್ದು. ಇದನ್ನು ಕ್ಲಾಸಿನಲ್ಲಿ ಕೇಳಿದಾಗ ಆಕಳಿಸಿದ್ದ ನಾನು, ಠರಾವು ಪುಸ್ತಕ ಕೈಯಲ್ಲಿ ಹಿಡಿದ ಮೇಲೆ ಮೇಡಂ ಬಳಿ ಹೋಗಿ ಮತ್ತೆ ಕೇಳಿಸಿಕೊಂಡೆ.

ಪಿಆರ್‌ಎ, ಅಂದರೆ ಊರಿನವರ ಕೈಯಿಂದಲೇ ಊರಿನ ಸ್ಥಿತಿ ತಿಳಿದುಕೊಳ್ಳುವ ವಿಧಾನ, ಮಾಡಿದ್ದು ಶಿಬಿರದಲ್ಲಿ. ದೇವಸ್ಥಾನದ ಮುಂದೆ ರಂಗೋಲಿ ಪುಡಿ ಕೊಟ್ಟು ‘ನಿಮ್ಮೂರಿನ ನಕ್ಷೆ ಬಿಡಿಸಿ’ ಅಂದೆವು. ಗಂಡಸರು ಬಿಡಿಸಿದ್ದರಲ್ಲಿ ಮೇನ್ ರೋಡು, ಡೈರಿ, ಪಂಚಾಯಿತಿ, ಗುಡಿ. ಹೆಂಗಸರನ್ನು ಬೇರೆ ಕೂರಿಸಿ ಬಿಡಿಸಿದಾಗ ಬಂದದ್ದು ನೀರಿನ ಟ್ಯಾಂಕು, ಕೆಟ್ಟ ಬೀದಿ ದೀಪ, ಕತ್ತಲಾದ ಮೇಲೆ ಹೋಗದ ಓಣಿ, ಸಾರಾಯಿ ಮಾರುವ ಮನೆ. ಅದೇ ಊರು! ಎರಡೂ ನಕ್ಷೆಯನ್ನು ಚಾರ್ಟ್ ಶೀಟಿಗೆ ಇಳಿಸಿ ಪಂಚಾಯಿತಿಗೆ ಕೊಟ್ಟೆವು, ಬೀದಿ ದೀಪ ಆಯ್ತು, ಮಿಕ್ಕಿದ್ದು ಆಗಲಿಲ್ಲ. ಶಿಬಿರ ಅಂದರೆ ಚರಂಡಿ ಕ್ಲೀನ್ ಮಾಡಿ, ರಾತ್ರಿ ಬೀದಿನಾಟಕ ಆಡಿ, ಗುಂಪು ಫೋಟೋ ತೆಗೆಸಿಕೊಂಡು ಬರುವುದು ಅಂತ ಎಷ್ಟೋ ಕಾಲೇಜಿನವರು ಅಂದುಕೊಂಡಿದ್ದಾರೆ. ನನ್ನ ಕೇಳಿದರೆ ಶ್ರಮದಾನ ಅರ್ಧ ದಿನ ಸಾಕು. ಉಳಿದ ದಿನ ಮನೆ ಮನೆಗೆ ಹೋಗಿ. ಇಪ್ಪತ್ತು ಜನಕ್ಕೆ ಅಡುಗೆ, ನೀರು, ಮಲಗುವ ಜಾಗ ಹೊಂದಿಸುವುದು, ಪಿಡಿಒ ಹತ್ತಿರ ಮಾತಾಡಿ ಸಮುದಾಯ ಭವನದ ಬೀಗ ತೆಗೆಸುವುದು, ಇದರ ಜವಾಬ್ದಾರಿ ಸಿಕ್ಕರೆ ಮಾತ್ರ ಹಿಂದೆಮುಂದೆ ನೋಡದೆ ತಗೊಳ್ಳಿ.

ಒಂದು ಮಾತು ಯಾವ ಸಿಲಬಸ್ಸಿನಲ್ಲೂ ಸರಿಯಾಗಿ ಇರುವುದಿಲ್ಲ. ಹಳ್ಳಿಗೆ ಹೋದ ಮೊದಲ ದಿನವೇ ‘ನೀವು ಯಾವ ಜನ?’ ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ನೀರು ಕೊಡುವ ಮುಂಚೆ ಕೇಳುತ್ತಾರೆ. ಏನು ಹೇಳಬೇಕು ಅಂತ ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ನಾನು ‘ಕಾಲೇಜಿಂದ ಬಂದಿದೀವಿ ಅಜ್ಜಿ’ ಅಂತ ತೇಲಿಸುತ್ತಿದ್ದೆ, ನನ್ನ ಜೊತೆಯವಳು ನೇರವಾಗಿ ಹೇಳುತ್ತಿದ್ದಳು. ಅವಳು ಹೇಳಿದ ಮೇಲೆ ಕೆಲವು ಜಗಲಿಗಳಲ್ಲಿ ಮಾತು ತಣ್ಣಗಾಗುತ್ತಿತ್ತು, ಕೆಲವು ಮನೆಗಳು ಅದೇ ಕಾರಣಕ್ಕೆ ಬಾಗಿಲು ತೆಗೆಯುತ್ತಿದ್ದವು. ಮತ್ತೆ, ಊರಿನ ಮಧ್ಯದ ಬೀದಿಯಿಂದ ಶುರು ಮಾಡಿದರೆ ಕಾಲೋನಿಗೆ ಹೋಗುವ ಹೊತ್ತಿಗೆ ಸಂಜೆಯಾಗಿ ಕೊನೇ ಬಸ್ಸಿನ ಟೈಮಾಗಿರುತ್ತದೆ. ನಾವು ಉಲ್ಟಾ ಮಾಡಿದೆವು, ಮೊದಲು ಕಾಲೋನಿ.

ಈಗ ವರದಿ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಕೆಲಸ ಕೊಡಿಸಿದ್ದೇ ಇದು. ಥಿಯರಿಯಲ್ಲಿ ಸಮಾಜಕಾರ್ಯದ ಲೇಖಕಿ ಪರ್ಲ್‌ಮನ್ ಹೇಳಿದ ನಾಲ್ಕು ಪಿ ಬಾಯಿಪಾಠ ಮಾಡಿಸುತ್ತಾರೆ: ವ್ಯಕ್ತಿ (ಪರ್ಸನ್), ಸಮಸ್ಯೆ (ಪ್ರಾಬ್ಲಂ), ಸ್ಥಳ (ಪ್ಲೇಸ್), ಪ್ರಕ್ರಿಯೆ (ಪ್ರೋಸೆಸ್). ಸರಿ. ಆದರೆ ಮನೆ ಭೇಟಿ ಮಾಡಿ ಬಂದು ‘ತಂದೆ ಕುಡುಕ, ತಾಯಿ ಬೇಜವಾಬ್ದಾರಿ’ ಅಂತ ಬರೆದರೆ ಮೇಡಂ ಕೆಂಪು ಗೆರೆ ಎಳೆದು ‘ಇದನ್ನ ನೋಡಿದೆಯಾ, ಕೇಳಿದೆಯಾ, ಅಂದುಕೊಂಡೆಯಾ?’ ಅಂತ ಬದಿಯಲ್ಲಿ ಬರೆಯುತ್ತಿದ್ದರು. ಅಲ್ಲಿಂದ ನಾನು ಪುಟವನ್ನೇ ಮೂರು ಭಾಗ ಮಾಡಿಕೊಂಡೆ. ನೋಡಿದ್ದು ಒಂದು ಕಡೆ, ಯಾರಿಂದ ಕೇಳಿದೆ ಅನ್ನೋದರ ಜೊತೆಗೆ ಕೇಳಿದ್ದು ಒಂದು ಕಡೆ, ನನಗೆ ಅನಿಸಿದ್ದು ಬೇರೆ. ಅವತ್ತೇ ರಾತ್ರಿ ಬರೆಯಬೇಕು, ಮಾರನೇ ದಿನಕ್ಕೆ ಅರ್ಧ ಮರೆತಿರುತ್ತದೆ. ಇವತ್ತು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಂದು ಮಗು ಬಂದರೆ ಅದರ ಮನೆ, ಊರು, ಶಾಲೆ ಎಲ್ಲ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಕೊಡಬೇಕು, 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕಿರುವುದು 15 ದಿನ. ಮಗು ಮನೆಗೆ ಹೋಗುತ್ತದಾ, ಸಂಸ್ಥೆಯಲ್ಲಿ ಇರುತ್ತದಾ ಅನ್ನುವುದಕ್ಕೆ ಸಮಿತಿಯವರು ಓದುವುದು ಆ ಕಾಗದವನ್ನು. ಅದರಲ್ಲಿ ‘ತಾಯಿ ಬೇಜವಾಬ್ದಾರಿ’ ಅಂತ ನಾನು ಸುಮ್ನೆ ಒಂದು ಸಾಲು ಹಾಕಿದರೆ ಏನಾಗುತ್ತದೆ ಯೋಚಿಸಿ.

ಇದರ ಪಕ್ಕದಲ್ಲೇ ಕಾನೂನು ಬರುತ್ತದೆ. ಸಮಾಜಕಾರ್ಯಕ್ಕೆ ಬೀಸ್ಟೆಕ್ ಅನ್ನುವವರು ಹೇಳಿದ ಏಳು ತತ್ವಗಳಲ್ಲಿ ಗೋಪ್ಯತೆ ಒಂದು, ಹೇಳಿದ್ದನ್ನು ಯಾರಿಗೂ ಹೇಳಬಾರದು ಅಂತ ನಾವೆಲ್ಲ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಆದರೆ ಶಾಲೆಯ ಫೀಲ್ಡಿನಲ್ಲಿ ಒಂದು ಹುಡುಗಿ ನಿಮ್ಮನ್ನು ಪಕ್ಕಕ್ಕೆ ಕರೆದು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ? 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ವಿದ್ಯಾರ್ಥಿ ಅಂತ ವಿನಾಯಿತಿ ಇಲ್ಲ. ಆದ್ದರಿಂದ ‘ಯಾರಿಗೂ ಹೇಳಲ್ಲ ಕಣಮ್ಮ’ ಅಂತ ಮಗುವಿಗೆ ಮೊದಲೇ ಮಾತು ಕೊಡಬೇಡಿ. ಸೂಪರ್‌ವೈಸರಿಗೆ ಅವತ್ತೇ ಫೋನ್ ಮಾಡಿ, ಮಕ್ಕಳ ಸಹಾಯವಾಣಿ 1098 ನಂಬರ್ ನೆನಪಿರಲಿ. ನಮ್ಮಲ್ಲಿಗೆ ಬರುವ ಹುಡುಗರಿಗೆ ಮೊದಲ ದಿನ ನಾನು ಹೇಳುವುದು ಇದನ್ನೇ. ಎಷ್ಟೋ ಜನಕ್ಕೆ ಆಗಲೇ ಗೊತ್ತಾಗುವುದು, ಎರಡು ವರ್ಷ ಓದಿಯೂ! ಪೋಕ್ಸೋ, ಬಾಲನ್ಯಾಯ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಇವಿಷ್ಟರ ಮೂಲ ಪಠ್ಯವನ್ನೇ ಡಿಗ್ರಿಯಲ್ಲಿ ಓದಿಬಿಡಿ. ಗೈಡಿನಲ್ಲಿರುವ ಎರಡು ಪುಟದ ಸಾರಾಂಶ ಯಾವ ಪೊಲೀಸ್ ಠಾಣೆಯಲ್ಲೂ ಕೆಲಸಕ್ಕೆ ಬರುವುದಿಲ್ಲ.

ಮನೆಯಲ್ಲಿ ಒಪ್ಪಿಸುವುದು ಇನ್ನೊಂದು ಗೋಳು. ‘ಹುಡುಗಿ ಸ್ಲಮ್ಮಿಗೆ ಹೋಗೋದೇನು’ ಅಂತ ಅಪ್ಪ. ನಾನು ವಾದ ಮಾಡಲಿಲ್ಲ. ಫೀಲ್ಡಿನ ಜಾಗ, ಜೊತೆಯವಳ ನಂಬರ್, ಸಂಸ್ಥೆಯ ಮೇಡಂ ನಂಬರ್ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದೆ, ಅವ್ವನನ್ನು ಒಂದು ದಿನ ಅಂಗನವಾಡಿಗೆ ಕರೆದುಕೊಂಡು ಹೋದೆ. ಆಮೇಲೆ ಅವ್ವನೇ ಅಪ್ಪನಿಗೆ ಹೇಳುತ್ತಿದ್ದಳು.

ಇನ್ನು ಮುಂದಿನದು. ಬರೀ ಬಿಎಸ್‌ಡಬ್ಲ್ಯೂಗೆ ಸಿಗುವುದು ಹೆಚ್ಚಾಗಿ ಎನ್‌ಜಿಒಗಳಲ್ಲಿ ಫೀಲ್ಡ್ ಕೆಲಸ, ಯೋಜನೆಗಳಲ್ಲಿ ಗುತ್ತಿಗೆ ಕೆಲಸ. ಸಂಬಳ ಕಡಿಮೆ, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಯಾವುದೇ ಡಿಗ್ರಿ ಕೇಳುವ ಪಿಡಿಒ, ಕೆಎಎಸ್ ಪರೀಕ್ಷೆಗಳಿಗೆ ಇದೂ ನಡೆಯುತ್ತದೆ, ನಮ್ಮ ಬ್ಯಾಚಿನಲ್ಲಿ ಆ ಕಡೆ ಹೋದವರು ಇದ್ದಾರೆ. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಬೇಕು ಅಂತಿದ್ದರೆ ಅದಕ್ಕೆ ಬಿಎಸ್‌ಡಬ್ಲ್ಯೂ ಕಡ್ಡಾಯವಲ್ಲ, ಬಿಎ, ಬಿಕಾಂ ಮಾಡಿದವರೂ ಬರುತ್ತಾರೆ. ‘ಹಾಗಾದ್ರೆ ಬಿಎಸ್‌ಡಬ್ಲ್ಯೂ ಯಾಕೆ’ ಅಂದರೆ, ಎಂಎಸ್‌ಡಬ್ಲ್ಯೂ ಮೊದಲ ವಾರ ಅವರು ಮನೆ ಬಾಗಿಲಲ್ಲಿ ಏನು ಮಾತಾಡಬೇಕು ಅಂತ ತಡವರಿಸುವಾಗ ನಾನು ಒಳಗೆ ಕೂತು ಕಾಫಿ ಕುಡಿಯುತ್ತಿದ್ದೆ. ಎಂಎಸ್‌ಡಬ್ಲ್ಯೂನಲ್ಲಿ ಅರ್ಧಕ್ಕರ್ಧ ಜನ ಹೆಚ್‌ಆರ್ ತಗೊಂಡು ಫ್ಯಾಕ್ಟರಿಗೆ ಹೋಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ, 1948ರ ಫ್ಯಾಕ್ಟರಿ ಕಾಯ್ದೆ ಕಾಲದಿಂದಲೂ ದೊಡ್ಡ ಕಾರ್ಖಾನೆಗಳಿಗೆ ವೆಲ್ಫೇರ್ ಆಫೀಸರ್ ಬೇಕೇ ಬೇಕು. ಆ ಕಡೆ ಹೋಗುವ ಮನಸ್ಸಿದ್ದರೆ ಡಿಗ್ರಿಯಲ್ಲೇ ಒಂದು ಸೆಮಿಸ್ಟರ್ ಗಾರ್ಮೆಂಟ್ಸ್ ಕಾರ್ಮಿಕರ ಜೊತೆ ಕೆಲಸ ಮಾಡುವ ಸಂಸ್ಥೆ ಕೇಳಿ. ಮಾನಸಿಕ ಆರೋಗ್ಯದ ಕಡೆ ಆಸೆ ಇದ್ದರೆ ದಾರಿ ಉದ್ದ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಆದ ಮೇಲೆ ಎರಡು ವರ್ಷದ ಎಂಫಿಲ್ ಬೇಕು. ಅಂಥವರು ಡಿಗ್ರಿಯಲ್ಲಿ ಸೈಕಾಲಜಿ ಪೇಪರ್ ಸಿಕ್ಕರೆ ಬಿಡಬಾರದು.

ಪ್ರತಿ ಸೆಮಿಸ್ಟರ್ ಮುಗಿದ ಕೂಡಲೇ ಆ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಗಂಟೆ, ಏನು ಕೆಲಸ ಅಂತ ಅದರಲ್ಲಿ ಇರಲಿ. ‘ತೃಪ್ತಿಕರ’ ಅಂತ ಒಂದೇ ಸಾಲು ಕೊಟ್ಟರೆ ವಾಪಸ್ ಕೊಟ್ಟು ಮತ್ತೆ ಬರೆಸಿ. ಆರು ತಿಂಗಳು ಬಿಟ್ಟು ಹೋದರೆ ನಿಮ್ಮನ್ನು ನೋಡಿದ್ದ ಕೋಆರ್ಡಿನೇಟರ್ ಕೆಲಸ ಬಿಟ್ಟು ಹೋಗಿರುತ್ತಾರೆ, ಹೊಸಬರು ಸಹಿ ಹಾಕುವುದಿಲ್ಲ. ವರದಿಯ ಪುಸ್ತಕಗಳನ್ನು ಕಾಲೇಜಿನವರು ಇಟ್ಟುಕೊಳ್ಳುತ್ತಾರೆ, ಕೊಡುವ ಮುಂಚೆ ನಿಮ್ಮ ಒಳ್ಳೆಯ ಕೇಸ್ ವರದಿ ಒಂದೆರಡನ್ನು ಹೆಸರು, ಊರು ಅಳಿಸಿ ಜೆರಾಕ್ಸ್ ಮಾಡಿಟ್ಟುಕೊಳ್ಳಿ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟು ಅದನ್ನೇ ಓದಿದರು.